ಹಿಮಗಾಳಿ ಬರುವ ಮುನ್ನ ಬೆಚ್ಚಗಿತ್ತು

ನಾನು ಅಂಜುಬುರುಕಿ. ಮುಚ್ಚಿಟ್ಟು ಪ್ರಯೋಜನವಿಲ್ಲ, ಬ್ಯಾಡಗಿಯ ನಮ್ಮ ಓಣಿಗೆಲ್ಲ ಗೊತ್ತಿರುವ ಮಾತು ಇದು. ಗುಡುಗಿದರೆ ಟಿವಿಯ ತಂತಿ ಕಿತ್ತಿಡುತ್ತೇನೆ. ಸಂಜೆ ಗಾಳಿ ಎದ್ದರೆ ಮಾಳಿಗೆಯ ಮೇಲಿನ ಸಾಮಾನನ್ನೆಲ್ಲ ಕೆಳಗಿಳಿಸುತ್ತೇನೆ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಟೀಚರೇ ಮೋಡಕ್ಕೆ ಅಂಜಿದರೆ ಮಕ್ಕಳು ಏನು ಕಲಿಯಬೇಕು ಎಂದು ನಮ್ಮನೆಯವರು ನಗುತ್ತಾರೆ. ಭೂಗೋಳ ಕಲಿಸುವುದರಿಂದಲೇ ಅಂಜುತ್ತೇನೆ ಎಂದರೆ ಅವರಿಗೆ ನಂಬಿಕೆಯಿಲ್ಲ. ಅವರು ಇಲ್ಲಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕರು. ಅವರ ಪಾಲಿಗೆ ಚಳಿ ಎಂದರೆ ಗುಂಡಿ ಒತ್ತಿದರೆ ಬರುವ, ಗುಂಡಿ ಒತ್ತಿದರೆ ಹೋಗುವ ವಸ್ತು.

ನನ್ನ ಅಕ್ಕ ನನಗೆ ಪೂರಾ ತದ್ವಿರುದ್ಧ. ಅವಳನ್ನು ಕೊಟ್ಟಿದ್ದು ಮೋಟೆಬೆನ್ನೂರಿಗೆ. ಅವರ ಓಣಿಯ ಹಿಂದೆ ಒಂದು ದೊಡ್ಡ ಕಣವಿದೆ, ನಾಲ್ಕಾರು ಮನೆಯವರು ಸೇರಿ ಮೆಣಸಿನಕಾಯಿ ಒಣಗಿಸುವುದು ಅಲ್ಲೇ. ಸುಗ್ಗಿಯ ದಿನಗಳಲ್ಲಿ ಬೆಳಗಾದರೆ ಹೆಂಗಸರೆಲ್ಲ ಅಕ್ಕನ ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ. "ಅಕ್ಕಾರ, ಇವತ್ತ ಹರವೂಣೇನ್ರಿ?" ಅಕ್ಕ ಅಂಗಳಕ್ಕೆ ಬಂದು ಮೇಲೆ ನೋಡುತ್ತಾಳೆ. ಅಂಗೈ ಹೊರಳಿಸಿ ಗಾಳಿಗೆ ಹಿಡಿಯುತ್ತಾಳೆ. ಆಮೇಲೆ ಬಾಗಿ, ರಾಶಿಗೆ ಮುಚ್ಚಿದ ತಾಡಪತ್ರಿಯ ಮೇಲೆ ಕೈಯಾಡಿಸಿ ಇಬ್ಬನಿ ಎಷ್ಟು ಬಿದ್ದಿದೆ ನೋಡುತ್ತಾಳೆ. "ಹರವ್ರಿ" ಎಂದರೆ ಹರವುವುದು, "ತಡೀರಿ" ಎಂದರೆ ತಡೆಯುವುದು. ಎಲ್ಲರ ಮನೆಯಲ್ಲೂ ಮೊಬೈಲಿದೆ, ಮೊಬೈಲಿನಲ್ಲಿ ಹವಾಮಾನವೂ ಇದೆ. ಯಾರೂ ಅದನ್ನು ತೆಗೆದು ನೋಡುವುದಿಲ್ಲ.

ಅವಳ ಲೆಕ್ಕ ತಪ್ಪಿದ್ದನ್ನು ನಾನಂತೂ ಕಂಡಿರಲಿಲ್ಲ. ಆಕಾಶ ತಿಳಿಯಾಗಿದ್ದರೆ ಆ ರಾತ್ರಿ ಚಳಿ ಹೆಚ್ಚು, ಇಬ್ಬನಿ ಹೆಚ್ಚು. ಮೋಡ ಮುಚ್ಚಿದರೆ ಚಳಿ ಬಿಟ್ಟಿತು ಎಂದೇ ಅರ್ಥ. "ಮೋಡ ಅಂದ್ರ ನೆಲಕ್ಕ ಕೌದಿ ಹೊಚ್ಚಿಧಂಗ" ಎನ್ನುತ್ತಿದ್ದಳು. ಅದು ಖರೇ ಮಾತೇ. ಹಗಲೆಲ್ಲ ಕಾದ ನೆಲದ ಬಿಸಿ ಮೇಲೆ ಹಾರಿಹೋಗದಂತೆ ಮೋಡ ತಡೆಯುತ್ತದೆ ಎಂದು ನಾನೂ ಶಾಲೆಯಲ್ಲಿ ಕಲಿಸುತ್ತೇನೆ. ಅವಳು ಕಣದಲ್ಲಿ ಕಲಿತಿದ್ದಳು, ನಾನು ಪುಸ್ತಕದಲ್ಲಿ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ, ಮೆಣಸಿನಕಾಯಿ ಮಾರಿ ಕಣ ಖಾಲಿಯಾದ ಮೇಲೆ, ಆ ಓಣಿಯ ಹತ್ತಿಪ್ಪತ್ತು ಮಂದಿ ಸೇರಿ ಕೇದಾರಕ್ಕೆ ಹೊರಟರು. ಅಕ್ಕ ಮತ್ತು ಅವಳ ಗಂಡ, ಅಂದರೆ ನಮ್ಮ ಮಾವ, ಅದರಲ್ಲಿ ಮುಂದಾಳುಗಳು. ರಾಣೆಬೆನ್ನೂರಿನ ಒಬ್ಬ ಭಾಯಿಯ ಗಾಡಿ. ಅವರು ವರ್ಷವರ್ಷ ಆ ಕಡೆಗೆ ಯಾತ್ರೆಯವರನ್ನು ಕರೆದೊಯ್ಯುವವರು. ಕೇದಾರದ ದರ್ಶನ ಸುಸೂತ್ರವಾಗಿ ಆಯಿತು. ಅಷ್ಟಕ್ಕೇ ತಿರುಗಿ ಬಂದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದರಾಚೆ ಇನ್ನೊಂದು ಎತ್ತರದ ಗುಡಿಯಿದೆ, ಜನ ಹೆಚ್ಚು ಹೋಗುವುದಿಲ್ಲ, ನಡೆದೇ ಹತ್ತಬೇಕು ಎಂದು ಯಾರೋ ಹೇಳಿದರಂತೆ. ಜನ ಹೋಗದ ಕಡೆಗೆ ಹೋಗುವುದೆಂದರೆ ಅಕ್ಕನಿಗೆ ಮೊದಲಿಂದ ಇಷ್ಟ.

ಗುಡ್ಡದ ಬುಡದ ಹಳ್ಳಿಯಲ್ಲಿ ಉಳಿದುಕೊಂಡರು. ಮೊದಲ ದಿನ ಆಕಾಶ ಸ್ವಚ್ಛ, ಚಳಿಯೋ ಹಲ್ಲು ಕಟಕಟ ಎನ್ನುವಂಥದ್ದು. ಅಕ್ಕ "ತಡೀರಿ" ಎಂದಳು, ಎಲ್ಲರೂ ತಡೆದರು. ಮರುದಿನ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಫೋನ್ ಬಂತು.

"ಏ, ಚಳಿ ಬಿಟ್ಟೈತಿ ನೋಡವಾ" ಎಂದಳು, ಅವಳ ದನಿಯಲ್ಲಿ ಖುಷಿ. "ನಿನ್ನೆ ಕೈ ಹೊರಗ ತಗದ್ರ ಕಡೀತಿತ್ತು. ಇವತ್ತ ಮೋಡ ಮುಚ್ಚೈತಿ, ಒಂದ್ ಎಲಿ ಅಳ್ಳಾಡವಲ್ದು, ಬೆಚ್ಚಗ ಐತಿ. ಎಲ್ಲಾರಿಗೂ ಹೊರಡ್ರಿ ಅಂದೇನಿ."

ನನ್ನ ಕೈಯಲ್ಲಿದ್ದ ಸೌಟು ನಿಂತಿತು. "ಅಕ್ಕಾ, ಮೋಡ ಯಾವಾಗಿಂದ ಐತಿ?"

"ನಿನ್ನೆ ಸಂಜೀಕ ತೆಳ್ಳಗ ಪರದೆ ಎಳಧಂಗ ಇತ್ತು. ಚಂದ್ರನ ಸುತ್ತ ಛಂದ ಬಳಿ ಕಟ್ಟಿತ್ತು. ಬರಬರತಾ ದಪ್ಪ ಆತು. ಯಾಕ?"

"ಹೋಗಬ್ಯಾಡ. ಅಕ್ಕಾ, ಇವತ್ತ ಹೋಗಬ್ಯಾಡ. ಅದು ನಮ್ಮ ಕಡಿ ಮೋಡಲ್ಲ."

ಅವಳು ನಕ್ಕಳು. "ನಿನಗ ಹಗ್ಗಾ ಕಂಡ್ರೂ ಹಾವ. ನಾವು ಕೆಳಗಿನ ಅಂಗಡಿ ದಾಟಿ ಬಂದೇವಿ, ಇನ್ನ ಮ್ಯಾಲೆ ಫೋನ್ ಹತ್ತೂದಿಲ್ಲಂತ. ಸಂಜೀಕ ಮಾತಾಡ್ತೇನಿ." ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಸದ್ದಿರಲಿಲ್ಲ.

ಮತ್ತೆ ಮತ್ತೆ ಹಚ್ಚಿದೆ. ಸಂಪರ್ಕ ಸಿಗುತ್ತಿಲ್ಲ ಎಂಬ ಹೆಣ್ಣುದನಿ ಬಿಟ್ಟರೆ ಬೇರೇನಿಲ್ಲ. ಬಾಣಲೆಯಲ್ಲಿ ರವೆ ಸೀದು ಮನೆಯೆಲ್ಲ ಹೊಗೆಯಾಗಿತ್ತು. ಒಲೆ ಆರಿಸಿ ಅಡುಗೆಮನೆಯ ನೆಲದ ಮೇಲೆಯೇ ಕುಳಿತುಬಿಟ್ಟೆ. ಹೊರಗೆ ಬ್ಯಾಡಗಿಯ ಬಿಸಿಲು ಆಗಲೇ ಕಾದ ಹಂಚಾಗಿತ್ತು. ಬೆವರು ಇಳಿಯುತ್ತಿತ್ತು, ಕೈಕಾಲು ಮಾತ್ರ ತಣ್ಣಗೆ.

ನಾನು ಯಾಕೆ ಅಷ್ಟು ಅಂಜಿದೆ ಎಂದು ಹೇಳಬೇಕು. ಹಿಮಾಲಯದ ಹಿಮ ಅಲ್ಲೇ ಹುಟ್ಟಿ ಅಲ್ಲೇ ಬೀಳುವುದಲ್ಲ. ಪಡುವಣದ ದೂರದ ಕಡಲುಗಳ ತೇವ ಹೊತ್ತು, ಒತ್ತಡ ಕಡಿಮೆಯಾದ ಗಾಳಿಯ ಒಂದು ಸುಳಿ, ಆಕಾಶದ ಎತ್ತರದಲ್ಲಿ ಹರಿಯುವ ಗಾಳಿಯ ಹೊಳೆಯೊಳಗೆ ತೇಲಿ ಬರುತ್ತದೆ. ಪಶ್ಚಿಮದ ಪ್ರಕ್ಷುಬ್ಧತೆ ಎಂದು ಹವಾಮಾನದವರು ಅದನ್ನು ಕರೆಯುತ್ತಾರೆ. ಆ ಸುಳಿಯ ಮುಂದೆ ಬರುವುದು ಬೆಚ್ಚಗಿನ, ಒದ್ದೆ ಗಾಳಿ. ಕಣಿವೆಯಲ್ಲಿ ಕೂತ ತಣ್ಣನೆಯ ಗಾಳಿ ಭಾರ, ಜಾಗ ಬಿಡುವುದಿಲ್ಲ. ಬೆಚ್ಚಗಿನದು ಹಗುರ, ಅದು ಇದರ ಬೆನ್ನ ಮೇಲೆ ಹತ್ತಿ ಮೇಲೇರುತ್ತದೆ. ಮೊದಲು ತೀರ ಎತ್ತರದಲ್ಲಿ ಹಿಮದ ಹರಳುಗಳ ತೆಳು ಮೋಡ; ಚಂದ್ರನ ಸುತ್ತ ಬಳೆ ಕಟ್ಟುವುದು ಆ ಹರಳುಗಳೇ. ಆಮೇಲೆ ಮೋಡ ದಪ್ಪವಾಗುತ್ತದೆ, ಕೆಳಗಿಳಿಯುತ್ತದೆ, ಕೌದಿಯಂತೆ ಮುಚ್ಚುತ್ತದೆ. ಚಳಿ ಬಿಟ್ಟಂತಾಗುತ್ತದೆ, ಗಾಳಿಯೂ ನಿಂತಂತಿರುತ್ತದೆ. ಅಕ್ಕ ಹೇಳಿದ ಒಂದೊಂದು ಗುರುತೂ ಸರಿಯಾಗಿತ್ತು. ಬೆಚ್ಚಗಾದದ್ದು ಚಳಿ ಹೋಗಿದ್ದರಿಂದಲ್ಲ, ದೊಡ್ಡ ಹಿಮಗಾಳಿ ಬಾಗಿಲಿಗೆ ಬಂದಿದ್ದರಿಂದ. ಮೋಟೆಬೆನ್ನೂರಿನ ಕಣದಲ್ಲಿ ಇದನ್ನು ಕಲಿಸುವ ಆಕಾಶವೇ ಇಲ್ಲ.

ಭಾಯಿಯ ನಂಬರು ನಮ್ಮನೆಯವರ ಫೋನಿನಲ್ಲಿತ್ತು. ನಮ್ಮನೆಯವರಿಗೆ ಹಚ್ಚಿದರೆ ಅದೂ ಹತ್ತಲಿಲ್ಲ. ಕೋಲ್ಡ್ ಸ್ಟೋರೇಜಿನ ಒಳಗೆ ಹೊಕ್ಕರೆ ಫೋನ್ ಹತ್ತುವುದಿಲ್ಲ. ಸ್ಕೂಟಿ ತೆಗೆದುಕೊಂಡು ಹೊರಟೆ. ಗೋದಾಮಿನ ಮುಂದೆ ಲಾರಿ ನಿಂತಿತ್ತು, ಹಮಾಲರು ತಲೆಗೆ ವಸ್ತ್ರ ಸುತ್ತಿಕೊಂಡು ಮೆಣಸಿನಕಾಯಿ ಚೀಲ ಒಳಗೆ ಹೊರುತ್ತಿದ್ದರು. ಸಾಹೇಬರು ಒಳಗಿದ್ದಾರೆ ಎಂದರು. ನಾನು ಕೇಳದೆ ಕಾಯದೆ ದಪ್ಪ ಬಾಗಿಲು ದಾಟಿ ನಡೆದೆ.

ಬಾಗಿಲು ತೆರೆದಾಗಲೆಲ್ಲ ಹೊರಗಿನ ಬಿಸಿ ಗಾಳಿ ನುಗ್ಗಿ, ಒಳಗಿನ ಚಳಿಗೆ ತಾಗಿ ಬೆಳ್ಳಗಾಗುತ್ತದೆ. ನೆಲದುದ್ದಕ್ಕೂ ಆ ಮಂಜು ಹರಿದಾಡುತ್ತಿತ್ತು. ಎಷ್ಟೋ ಸಲ ಮಕ್ಕಳನ್ನು ಕರೆತಂದು, ನೋಡಿ, ಮೋಡ ಹುಟ್ಟುವುದು ಹೀಗೆ ಎಂದು ತೋರಿಸಿ ಚಪ್ಪಾಳೆ ತಟ್ಟಿಸಿದವಳು ನಾನು. ಅಂದು ಅದನ್ನು ತುಳಿಯದಂತೆ ಗೋಡೆಗುಂಟ ನಡೆದೆ. ಬೆವರಿಗೆ ಒದ್ದೆಯಾಗಿದ್ದ ಕುಪ್ಪಸ ಬೆನ್ನಿಗೆ ಅಂಟಿ ಒಂದೇ ಗಳಿಗೆಯಲ್ಲಿ ಕೊರೆಯತೊಡಗಿತು. ಅಕ್ಕ ಹತ್ತುವಾಗ ಬೆವರುತ್ತಾಳೆ, ಅವಳ ಕುಪ್ಪಸವೂ ಹೀಗೇ ಒದ್ದೆಯಾಗಿರುತ್ತದೆ ಎಂದುಕೊಂಡೆ. ಇಲ್ಲಿ ಗಾಳಿಯಿಲ್ಲ, ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಇಲ್ಲ. ಆದರೂ ನನ್ನ ಗದ್ದ ನಡುಗುತ್ತಿತ್ತು.

ನಮ್ಮನೆಯವರು ಚೀಲಗಳ ಸಾಲಿನಿಂದ ಓಡಿ ಬಂದರು. "ಏನಾತು? ಹಿಂಗ ಯಾಕ ಒಳಗ ಬಂದಿ? ಶೀತ ಹತ್ತತೈತಿ, ಹೊರಗ ನಡಿ ಮದ್ಲ."

"ಅಕ್ಕ ಗುಡ್ಡಾ ಹತ್ತ್ಯಾಳ್ರೀ. ಬೆಚ್ಚಗ ಐತಿ ಅಂತ ಹತ್ತ್ಯಾಳ."

"ಬೆಚ್ಚಗಿದ್ರ ಛಲೋ ಆತಲ್ಲ?" ಎಂದರು. ಆಮೇಲೆ ನನ್ನ ಮುಖ ನೋಡಿ, ಕೈಹಿಡಿದು ಬಾಗಿಲ ಕಡೆ ನಡೆಸಿದರು. ಹೊರಗೆ ಬಂದು ತಾವೇ ಭಾಯಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

ಭಾಯಿ ಗಾಡಿಯ ಹತ್ತಿರ, ಹಳ್ಳಿಯಲ್ಲೇ ಇದ್ದರು. "ಹೌದ್ರೀ ಮೇಡಂ, ಅವರು ಹತ್ತಿ ಹೋಗ್ಯಾರ. ನಾ ಬ್ಯಾಡಂದೆ, ಅಕ್ಕಾರು ಕೇಳಲಿಲ್ರೀ. ಈಗ ಬರ್ಫ್ ಬೀಳಾಕ ಚಾಲೂ ಆಗೈತಿ. ಹತ್ತಿ ಅರಳಿ ಚೂರಿನಂಥಾ ದಪ್ಪ ದಪ್ಪ ಬರ್ಫ್, ಮೈಮ್ಯಾಲೆ ಬಿದ್ದಕೂಡ್ಲೆ ನೀರಾಗತೈತಿ."

"ಗಾಳಿ?"

"ಗಾಳಿ ಇನ್ನೂ ಇಲ್ರೀ."

ಇನ್ನೂ ಇಲ್ಲ ಎಂದರೆ ಬರುವುದು ಬಾಕಿಯಿದೆ ಎಂದೇ ಅರ್ಥ. ಅಂಥ ಹಿಮ ಮೊದಲು ನೆನೆಸುತ್ತದೆ. ಸುಳಿಯ ಮುಂಭಾಗ ದಾಟಿದ ಮೇಲೆ ಬೆನ್ನ ಹಿಂದಿನಿಂದ ನಿಜವಾದ ತಣ್ಣನೆಯ ಗಾಳಿ ನುಗ್ಗುತ್ತದೆ. ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಗಾಳಿ ಹರಿಯಲೇಬೇಕು. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಅದರ ವೇಗ ಹೆಚ್ಚು, ಕಣಿವೆಯ ಸಂದಿಗೆ ಸಿಕ್ಕರೆ ಇನ್ನೂ ಹೆಚ್ಚು. ಆಗ ಬೀಳುವ ಹಿಮ ಒಣ ಹಿಟ್ಟು. ಗಾಳಿ ಬೀಳುವ ಹಿಮವನ್ನೂ ತೂರುತ್ತದೆ, ಬಿದ್ದ ಹಿಮವನ್ನೂ ಎಬ್ಬಿಸುತ್ತದೆ. ನೆಲ ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ಒದ್ದೆ ಸೀರೆಯುಟ್ಟ ಹೆಂಗಸರು ಅದರ ನಡುವೆ ನಿಂತಿರುತ್ತಾರೆ. ನನಗೆ ಇದೆಲ್ಲ ಸಾಲು ಸಾಲಾಗಿ ಗೊತ್ತಿತ್ತು. ಯಾಕಾದರೂ ಓದಿದೆನೋ ಎನಿಸಿತು.

ಮಧ್ಯಾಹ್ನದ ಹೊತ್ತಿಗೆ ಭಾಯಿಯೇ ಫೋನ್ ಮಾಡಿದರು. ದನಿ ಗುರುತೇ ಸಿಗಲಿಲ್ಲ, ಅದರ ಹಿಂದೆ ಯಾರೋ ಊಳಿಡುವಂಥ ಸದ್ದು. "ಮೇಡಂ, ಗಾಳಿ ಎದ್ದೈತ್ರಿ. ನನ್ನ ಗಾಡಿ ನನಗ ಕಾಣವಲ್ದು. ಇಲ್ಲಿ ಮಂದಿ ಮ್ಯಾಲೆ ಹೋಗಾಕ ತಯಾರ ಅದಾರ, ಗಾಳಿ ಬಿಡುತನಕ ಆಗೂದಿಲ್ಲ ಅಂತಾರ. ದುವಾ ಮಾಡ್ರಿ." ಅವರು ಅಳುತ್ತಿದ್ದರು. ಅಷ್ಟು ವರ್ಷ ಆ ದಾರಿಯಲ್ಲಿ ಗಾಡಿ ಓಡಿಸಿದವರು ಅಳುವುದನ್ನು ಕೇಳಿದ ಮೇಲೆ ನನ್ನಲ್ಲಿ ಉಳಿದಿದ್ದ ಅಷ್ಟಿಷ್ಟು ಧೈರ್ಯವೂ ಹೋಯಿತು.

ಮನೆಗೆ ಓಣಿಯ ಹೆಂಗಸರು ಬಂದರು. ಬೆಚ್ಚಗಿತ್ತು ಅಂತ ಅಕ್ಕಾರ ಹೇಳ್ಯಾರಲ್ಲ, ಏನೂ ಆಗೂದಿಲ್ಲ ಎಂದು ಸಮಾಧಾನ ಹೇಳಿದರು. ಅವರ ಮೇಲೆ ರೇಗಿದೆ. ಬೆಚ್ಚಗಿತ್ತು ಎಂಬ ಮಾತನ್ನು ಇನ್ನೊಮ್ಮೆ ಯಾರಾದರೂ ಆಡಿದರೆ ಎದ್ದು ಹೋಗಿ ಎಂದುಬಿಟ್ಟೆ. ಬೇಜಾರು ಮಾಡಿಕೊಳ್ಳದೆ ಅವರು ಅಲ್ಲೇ ಕುಳಿತರು. ಒಬ್ಬರು ಫ್ಯಾನ್ ಜೋರು ಮಾಡಹೋದರೆ ಬೇಡವೆಂದೆ. ಆ ಗಾಳಿಯ ಸದ್ದು ನನಗೆ ಆಗುತ್ತಿರಲಿಲ್ಲ. ಬೆವರುತ್ತ ಕುಳಿತೇ ಅಕ್ಕನ ನಂಬರು ಒತ್ತುತ್ತಿದ್ದೆ. ಸಂಪರ್ಕ ಸಿಗುತ್ತಿಲ್ಲ. ಮತ್ತೆ ಒತ್ತುತ್ತಿದ್ದೆ. ಅವಳಿಲ್ಲದ ಮೋಟೆಬೆನ್ನೂರನ್ನು ಒಂದು ಗಳಿಗೆ ಕಣ್ಣಮುಂದೆ ತಂದುಕೊಂಡೆ. ಅಂಥದ್ದನ್ನು ನೆನೆಯಬಾರದು ಎಂದು ಕೆನ್ನೆಗೆ ಬಡಿದುಕೊಂಡೆ.

ಹೊತ್ತು ಮುಳುಗುವ ಮುನ್ನ ಫೋನ್ ಬಂತು. ಎತ್ತಲು ನನ್ನಿಂದ ಆಗಲಿಲ್ಲ. ನಮ್ಮನೆಯವರು ಎತ್ತಿದರು, ಕೇಳಿಸಿಕೊಂಡರು, ಗೋಡೆಗೆ ಒರಗಿ "ಎಲ್ಲಾರೂ ಸಿಕ್ಕಾರಂತ, ಎಲ್ಲಾರೂ ಜೀವಂತ ಅದಾರಂತ" ಎಂದರು. ನಾನು ಅತ್ತ ಅಳು ಓಣಿಯ ತುದಿಗೆ ಕೇಳಿತಂತೆ.

ಆಮೇಲಿನ ಸಂಗತಿ ತಿಳಿದದ್ದು ಅವರು ಊರಿಗೆ ಬಂದ ಮೇಲೆ. ಮೋಟೆಬೆನ್ನೂರಿನ ಮನೆಯ ಪಡಸಾಲೆಯಲ್ಲಿ ಮಾವ ಕಾಲಿಗೆ ಪಟ್ಟಿ ಸುತ್ತಿಕೊಂಡು ಕುಳಿತು, ಬಂದವರಿಗೆಲ್ಲ ಹೇಳುತ್ತಿದ್ದರು. ಗಾಳಿ ಎದ್ದಾಗ ಕೆಲವರು ಕೆಳಗೆ ಓಡಲು ನೋಡಿದರಂತೆ. ಅಕ್ಕ ಒಬ್ಬರನ್ನೂ ಬಿಡಲಿಲ್ಲ. ಊಟಕ್ಕೆ ಹಾಸಲು ಕಣದ ತಾಡಪತ್ರಿ ಒಯ್ದಿದ್ದರು. ಅಡ್ಡ ಮಳೆ ಬಂದಾಗ ರಾಶಿ ಮುಚ್ಚಿ, ಅಂಚು ಹಾರದಂತೆ ಹೆಂಗಸರು ಅದರ ಮೇಲೆ ಕೂರುತ್ತಾರಲ್ಲ, ಹಾಗೆಯೇ ಎಲ್ಲರನ್ನೂ ಒತ್ತಟ್ಟಿಗೆ ಕೂರಿಸಿ ಮೇಲೆ ಅದನ್ನು ಎಳೆದು, ಗಾಳಿ ಬರುವ ಕಡೆಯ ಅಂಚನ್ನು ಒಂದು ಕೈಯಲ್ಲಿ ಬಿಗಿಹಿಡಿದು ಅದರ ಮೇಲೆ ತಾನು ಕುಳಿತಳು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಕಲ್ಲಿನ ಕೊಟ್ಟಿಗೆಯೊಂದಿತ್ತಂತೆ. ಅದು ಕಂಡದ್ದು ಗಾಳಿ ಬಿಟ್ಟು ಕೆಳಗಿನವರು ಬಂದ ಮೇಲೆಯೇ.

"ನನಗ ನಡುಕ ನಿಂತು, ಸೆಕಿ ಆಗಾಕ ಹತ್ತಿತ್ತು" ಎಂದರು ಮಾವ. "ಚಳಿ ಹೋತು ಅಂತ ಸ್ವೆಟರ್ ಬಿಚ್ಚಾಕ ಹೋದೆ. ನಿಮ್ಮಕ್ಕ ಕಪಾಳಕ್ಕ ಬಾರಿಸಿದ್ಲು ನೋಡು. ಮದಿವ್ಯಾಗಿ ಇಷ್ಟ ವರ್ಷಕ್ಕ ಮದ್ಲನೇ ಸಲ!" ಕುಳಿತವರೆಲ್ಲ ನಕ್ಕರು, ಮಾವನೂ ನಕ್ಕರು. ನನಗೆ ನಗು ಬರಲಿಲ್ಲ. ಮೈ ತೀರ ತಣ್ಣಗಾಗಿ ಸೋತಾಗ, ಬಿಗಿದಿದ್ದ ರಕ್ತನಾಳಗಳು ಸಡಿಲಾಗಿ, ಉಳಿದ ಬಿಸಿಯೆಲ್ಲ ಚರ್ಮಕ್ಕೆ ಬರುತ್ತದೆ. ಸಾಯುವವರು ಸೆಕೆಯೆಂದು ಬಟ್ಟೆ ಕಳಚುತ್ತಾರೆ. ಮಾವ ಸಾವಿನ ಹೊಸ್ತಿಲಲ್ಲಿ ನಿಂತಿದ್ದರು ಎಂದು ಆ ಪಡಸಾಲೆಯಲ್ಲಿ ನಾನು ಯಾರಿಗೂ ಹೇಳಲಿಲ್ಲ.

ಅಕ್ಕ ಒಳಗೆ ಮಲಗಿದ್ದಳು. ಅಂಚು ಹಿಡಿದ ಕೈಗೆ ಪಟ್ಟಿ ಸುತ್ತಿತ್ತು, ಹೊರಗೆ ಕಾಣುವ ಬೆರಳ ತುದಿಗಳು ಕಪ್ಪಾಗಿದ್ದವು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು.

"ಅವರನ್ನ ಹೊಡದ ಮ್ಯಾಲೆ ನನಗೂ ಹಂಗ ಬೆಚ್ಚಗ ಆಗಾಕ ಹತ್ತಿತು. ಯಾರಿಗೂ ಹೇಳಲಿಲ್ಲ. ಹೇಳಿದ್ರ ಎಲ್ಲಾರೂ ಕೈ ಬಿಡತಿದ್ರು. ಇನ್ನೊಂದ್ ಕೈಯಾಗ ಫೋನ್ ಇತ್ತು. ನಿನಗ ಹಚ್ಚಾಕತ್ತಿದ್ದೆ. ಹತ್ತವಲ್ದು, ಮತ್ತ ಹಚ್ಚತಿದ್ದೆ."

"ನನಗ್ಯಾಕ? ನಾ ಏನ್ ಮಾಡ್ತಿದ್ದೆ ಅಕ್ಕಾ? ಅತ್ತು ಕರದು ನಿನ್ನೂ ಅಂಜಸ್ತಿದ್ದೆ."

"ಅದಕ್ಕ" ಎಂದಳು. "ಸಣ್ಣಾಕಿದ್ದಾಗಿಂದ ನೀ ಅಂಜೂದು, ನಾ ಏನೂ ಆಗೂದಿಲ್ಲ ಸುಮ್ನಿರು ಅನ್ನೂದು. ನಿನಗ ಹೇಳಿ ಹೇಳಿನ ನಾ ಗಟ್ಟಿ ಆದಾಕಿ. ಅಲ್ಲಿ ಹಂಗ ಅನ್ನಾಕ ನನ್ನ ಮುಂದ ನೀ ಇರಲಿಲ್ಲ. ಆವಾಗ ಗೊತ್ತಾತು ನೋಡು, ನನಗೂ ಅಂಜಿಕಿ ಐತಿ ಅಂತ."

ಅವಳು ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ, ಅವಳ ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ನನಗೆ ಆಡಿ ಗೊತ್ತೇ ಇಲ್ಲದ ಆ ಮಾತನ್ನು ಆಡಿದೆ. "ಏನೂ ಆಗೂದಿಲ್ಲ, ಸುಮ್ನಿರು" ಎಂದೆ. ನನ್ನ ದನಿ ನಡುಗುತ್ತಿತ್ತು, ಆದರೂ ಅವಳು ಸುಮ್ಮನಾದಳು.